ಹೂಂ ಅನ್ನುವವಳು

ಕೋಟಿನ ಎರಡು ತೋಳೂ ಎಡಗೈಯವೇ ಆಗಿದ್ದವು.

ಮಾಸ್ತರಮ್ಮ ಅವನ್ನು ಹಲಗೆಯ ಮೇಲೆ ಪಕ್ಕಪಕ್ಕ ಇಟ್ಟಳು, ತಿರುಗಿಸಿದಳು, ಮಗುಚಿದಳು. ಹೇಗಿಟ್ಟರೂ ಅಷ್ಟೇ. ಒಂದೇ ಮುಖದ ಉಣ್ಣೆ ಬಟ್ಟೆ ಅದು. ಮುಖಕ್ಕೆ ಮುಖ ಸೇರಿಸಿ ಮಡಚಿ ಕತ್ತರಿಸಿದರೆ ಒಂದು ಎಡ, ಒಂದು ಬಲ ಬರುತ್ತದೆ. ಮಡಚುವುದನ್ನು ಬಿಟ್ಟು ಒಂದರ ಮೇಲೊಂದು ಹಾಸಿ ಕತ್ತರಿಸಿದರೆ ಎರಡೂ ಒಂದೇ ಕೈಯವು. ಕೆಲಸ ಕಲಿಯಲು ಬಂದವರು ಮೊದಲ ವಾರ ಮಾಡಿ ಬೈಸಿಕೊಳ್ಳುವ ತಪ್ಪು ಅದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆ ಸಾಲಿಗೆ ಬಟ್ಟೆಯನ್ನು ಸೇರಿಸಲು ಮರೆತವರು ದರ್ಜಿ ಅಂಗಡಿಯ ಮೆಟ್ಟಿಲು ಹತ್ತಿರಲಿಕ್ಕಿಲ್ಲ.

ಊರಿನ ಅರ್ಧ ಕೋಟುಗಳಿಗೆ ಕತ್ತರಿ ಹಾಕಿದವಳು ಅವಳು. ಹೆಸರು ಹಿಡಿದು ಕರೆಯುವವರು ಉಳಿದಿರಲಿಲ್ಲ, ಎಲ್ಲರಿಗೂ ಅವಳು ಮಾಸ್ತರಮ್ಮ. ಗಂಡ ಮಿಷನ್ ತುಳಿಯುತ್ತಿದ್ದ, ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದ. ಬಟ್ಟೆಗೆ ಕತ್ತರಿ ಹಾಕುವುದು ಮಾತ್ರ ಅವಳ ಕೈಯಿಂದಲೇ ಆಗಬೇಕಿತ್ತು. ಆಮೇಲೆ ಒಂದು ದಿನ ಲೈನಿಂಗ್ ಬಟ್ಟೆ ತರಲು ಹೋದಾಗ, ಹಿಂದೆ ನೋಡದೆ ಹಿಮ್ಮುಖ ಬಂದ ವ್ಯಾನೊಂದು ಅವಳನ್ನು ಕೆಡವಿತು. ತಲೆ ಕಲ್ಲಿಗೆ ಬಡಿಯಿತು. ಜೀವ ಉಳಿಯಿತು, ಕೈಕಾಲೂ ಉಳಿದವು. ಹೋದದ್ದು ಕಣ್ಣಿಗೆ ಕಾಣದ ಒಂದು ವಸ್ತು. ಅಳತೆ ನೆನಪಿರುತ್ತಿತ್ತು, ಅಳತೆಯಿಂದ ಏನು ಮಾಡಬೇಕು ಅನ್ನುವುದು ಕೈಬಿಟ್ಟು ಹೋಗುತ್ತಿತ್ತು. ಒಲೆಯ ಮೇಲೆ ಹಾಲು ಉಕ್ಕುವುದನ್ನು ನೋಡುತ್ತ ನಿಂತಿರುತ್ತಿದ್ದಳು. ಉಕ್ಕುತ್ತಿದೆ ಅಂತ ಗೊತ್ತು, ಆರಿಸಬೇಕು ಅಂತಲೂ ಗೊತ್ತು. ಆದರೆ ಯಾಕೆ ಆರಿಸಬೇಕು ಅನ್ನುವ ಒತ್ತಾಯ ಒಳಗಿನಿಂದ ಬರುತ್ತಿರಲಿಲ್ಲ. ಹಾಗೆ ಎರಡು ವರ್ಷ ಕಳೆದವು.

ಮೆದುಳಿನ ಆಳಕ್ಕೆ ಕೂದಲೆಳೆಯಂಥ ತಂತಿ ಇಳಿಸಿ, ಭುಜದ ಎಲುಬಿನ ಕೆಳಗೆ ಚರ್ಮದೊಳಗೆ ಪುಟ್ಟ ಬ್ಯಾಟರಿ ಹೊಲಿದು, ಸದಾ ಸಣ್ಣ ಕರೆಂಟು ಹರಿಸುವ ಚಿಕಿತ್ಸೆ ಒಂದಿದೆ, ಹೊಸದು, ಪ್ರಯೋಗದ ಹಂತದಲ್ಲಿದೆ ಎಂದು ಆಸ್ಪತ್ರೆಯವರು ಹೇಳಿದಾಗ ಮನೆಯವರೇ ಒಪ್ಪಿದರು. ಅದು ಕೆಲಸ ಮಾಡಿತು. ಒಂದೇ ಸಲಕ್ಕೆ ಅಲ್ಲ. ವಾರಗಳು ಕಳೆದ ಹಾಗೆ ಮಾಸ್ತರಮ್ಮ ನಿಧಾನವಾಗಿ ತನ್ನ ತಲೆಯೊಳಕ್ಕೆ ವಾಪಸು ಬಂದಳು. ಬಾಡಿಗೆಗೆ ಕೊಟ್ಟಿದ್ದ ಸ್ವಂತ ಮನೆಗೆ ಮರಳಿದವರ ಹಾಗೆ ಮೂಲೆ ಮೂಲೆ ನೋಡಿ, ಏನೇನು ಹಾಳಾಗಿದೆ ಎಂದು ಕೇಳತೊಡಗಿದಳು.

ಅಲ್ಲಿಂದಲೇ ತಕರಾರು ಶುರುವಾಯಿತು.

ಈಗ ಈ ತೋಳುಗಳು. ಎರಡು ದಿನದ ಹಿಂದೆ ಇದೇ ಕೈ ಇದಕ್ಕಿಂತ ಕಷ್ಟದ ಬಟ್ಟೆಯನ್ನು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಕತ್ತರಿಸಿತ್ತು. ಇವನ್ನು ಕತ್ತರಿಸಿದ್ದು ನಿನ್ನೆ ಸಂಜೆ. ಕೆಲವು ಸಂಜೆ ಹೀಗೇ ಮಂಕು ಕವಿಯುತ್ತಿತ್ತು, ಕೆಲವು ಭಾನುವಾರವೂ. ತಂತಿ ಸವೆಯುತ್ತಿದೆಯೋ ಏನೋ ಎಂದು ಅವಳಿಗೆ ಭಯವಾಯಿತು. ಮತ್ತೆ ಉಕ್ಕುವ ಹಾಲಿನ ಮುಂದೆ ನಿಲ್ಲುವುದಕ್ಕಿಂತ ಆ ವ್ಯಾನು ಪೂರ್ತಿ ಮೇಲೆ ಹತ್ತಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಅದೇ ದಿನ ಮಧ್ಯಾಹ್ನ ಗಂಡನ ಅಕ್ಕ ಅಂಗಡಿಗೆ ಬಂದಳು. ಕೂತವಳು ಕೂತ ಹಾಗೆಯೇ, "ಹೇಗಿದಾಳಪ್ಪ?" ಎಂದು ತಮ್ಮನನ್ನು ನೋಡಿ ಕೇಳಿದಳು. ತಲೆಗೆ ಪೆಟ್ಟು ಬಿದ್ದವರ ಕ್ಷೇಮವನ್ನು ಪಕ್ಕದವರ ಹತ್ತಿರ ವಿಚಾರಿಸುವುದು ಜಗತ್ತಿನ ರೂಢಿ.

"ನಾನಿಲ್ಲಿದೀನಿ," ಅಂದಳು ಮಾಸ್ತರಮ್ಮ. "ಚೆನ್ನಾಗಿದೀನಿ. ನನ್ನ ಮೇಜು ಯಾವಾಗ ಕಳಿಸ್ತೀರಿ?"

ಮೇಜಿನ ಕಥೆ ಹೀಗೆ. ಕತ್ತರಿಸುವುದಕ್ಕೆಂದೇ ಅವಳು ಮಾಡಿಸಿಕೊಂಡಿದ್ದ ಉದ್ದನೆಯ ಮರದ ಮೇಜು. ಬಾಗದೆ ಕೆಲಸ ಮಾಡುವಷ್ಟು ಎತ್ತರ, ನಾಲ್ಕೂ ಕಡೆ ಸುತ್ತಲು ಜಾಗ. ಅವಳು ಮಂಕಾಗಿದ್ದ ಕಾಲದಲ್ಲಿ ಅದು ಈ ಅತ್ತಿಗೆಯ ಮನೆಗೆ ಹೋಗಿ, ಕಾಲು ಕೊಯ್ಯಿಸಿಕೊಂಡು, ಊಟದ ಮೇಜಾಗಿತ್ತು. ಈಗ ಮಾಸ್ತರಮ್ಮ ಎರಡು ಡ್ರಮ್ಮಿನ ಮೇಲೆ ಹಲಗೆ ಹಾಕಿಕೊಂಡು ಸೊಂಟ ಮುರಿದುಕೊಳ್ಳುತ್ತಿದ್ದಳು.

"ಅಯ್ಯೋ, ನಿನ್ನನ್ನ ಕೇಳೇ ತಗೊಂಡು ಹೋಗಿದ್ದಲ್ವಾ?" ಅತ್ತಿಗೆ ಕೈಚಾಚಿ ಹೇಳಿದಳು. "ಇವನೇ ಸಾಕ್ಷಿ. ತಗೊಳ್ಲಾ ಅಂದೆ, ನೀನು ಹೂಂ ಅಂದೆ."

"ಆಗ ನನ್ನ ಕಿವಿಯೋಲೆ ತಗೊಳ್ಲಾ ಅಂದಿದ್ರೂ ಹೂಂ ಅಂತಿದ್ದೆ. ಕಿವಿ ತಗೊಳ್ಲಾ ಅಂದಿದ್ರೂ ಹೂಂ ಅಂತಿದ್ದೆ. ತಲೆ ನೆಟ್ಟಗಿಲ್ಲದೋಳ ಹತ್ರ ಹೂಂ ಅನ್ನಿಸಿಕೊಂಡು ಮೇಜು ಹೊತ್ಕೊಂಡು ಹೋಗೋದಕ್ಕೆ ಏನಂತಾರೆ ಅಂತ ನಿಮಗೇ ಗೊತ್ತಿರಬೇಕು."

"ಸಿಟ್ಟಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರಲ್ಲಮ್ಮ. ಮಾತು ನೋಡಿಕೊಂಡು ಆಡು."

"ನಾನು ಬಟ್ಟೆ ಕೊಯ್ಯೋಳು. ಮೇಜಿನ ಕಾಲು ಕೊಯ್ದಿರೋದು ನೀವು."

ಮೂಲೆಯಲ್ಲಿ ಕೂತು ಕಾಜಾ ಹೊಲಿಯುತ್ತಿದ್ದ ಗುಂಡಿಯಕ್ಕ ಕಿಸಕ್ಕನೆ ನಕ್ಕು ನೂಲು ಕಡಿಯುವವಳ ಹಾಗೆ ಬಾಯಿ ಮುಚ್ಚಿಕೊಂಡಳು. ಅವಳು ಈ ಅಂಗಡಿಯ ಗುಂಡಿ, ಕಾಜಾ, ಹೆಮ್ಮಿಂಗ್ ಎಲ್ಲವನ್ನೂ ನೋಡಿಕೊಳ್ಳುವವಳು.

ಮಾಸ್ತರಮ್ಮನ ಎದುರಿಗೆ ಗಿರಾಕಿಗಳು ಕೋಟು ಹಾಕಿ ನೋಡಿಕೊಳ್ಳುವ ಆಳೆತ್ತರದ ಕನ್ನಡಿ ಇತ್ತು. ಅದರಲ್ಲಿ ಅವಳ ಬೆನ್ನ ಹಿಂದೆ ನಿಂತಿದ್ದ ಗಂಡ ಕಾಣುತ್ತಿದ್ದ. ಅವನು ಅಕ್ಕನ ಮುಖ ನೋಡಿ ಒಂಥರಾ ನಕ್ಕ. ಜೇಬಿಗೆ ಕೈ ಹಾಕಿ ಬ್ಯಾಟರಿಯ ರಿಮೋಟು ತೆಗೆದ. ನೋಡಿಕೊಳ್ಳುವವರ ಕೈಯಲ್ಲಿರಲಿ ಎಂದು ಆಸ್ಪತ್ರೆಯವರು ಅವನಿಗೆ ಕೊಟ್ಟಿದ್ದ ರಿಮೋಟು. ಹೆಬ್ಬೆರಳಿನಿಂದ ಒಂದು ಗುಂಡಿ ಒತ್ತಿದ. ಇನ್ನೊಮ್ಮೆ ಒತ್ತಿದ. ಮತ್ತೆ ಜೇಬಿಗೆ ಇಳಿಸಿದ. ಚಳಿಯಾಯಿತೆಂದು ಫ್ಯಾನಿನ ವೇಗ ತಗ್ಗಿಸುವಾಗ ಯಾರಾದರೂ ಎಷ್ಟು ಯೋಚಿಸುತ್ತಾರೋ ಅಷ್ಟೇ ಯೋಚಿಸಿದ್ದ.

ಮಾಸ್ತರಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮೈಯೆಲ್ಲ ಉರಿದುಹೋಯಿತು. ತಂತಿ ಸವೆದಿರಲಿಲ್ಲ, ಬ್ಯಾಟರಿ ಮುಗಿದಿರಲಿಲ್ಲ. ಸಂಜೆ ಅವಳು ಜಗಳ ತೆಗೆದಾಗ, ಭಾನುವಾರ ನೆಂಟರು ಬಂದಾಗ, ಪಕ್ಕದ ಅಂಗಡಿಯವನಿಗೆ ಎದುರು ಮಾತಾಡಿದಾಗ, ಈ ಮನುಷ್ಯ ಅವಳನ್ನು ಸಣ್ಣದು ಮಾಡುತ್ತಿದ್ದ. ರೇಡಿಯೋ ಸದ್ದು ಜಾಸ್ತಿಯಾಯಿತು ಅಂತ ಕಿವಿ ತಿರುಪುವ ಹಾಗೆ.

ತಿರುಗಿ ನಿಂತು ಕಿರುಚಲು ಬಾಯಿ ತೆರೆದಳು, ಮುಚ್ಚಿದಳು. ಕಿರುಚಿದರೆ ಇನ್ನೊಂದು ಸಲ ಒತ್ತುತ್ತಾನೆ. ಒತ್ತಿದ್ದರ ಪರಿಣಾಮ ಈಗಾಗಲೇ ತಲೆಗೆ ಇಳಿಯುತ್ತಿತ್ತು. ಅದು ಇಳಿಯುವುದು ಹೇಗೆಂದು ಅವಳಿಗೆ ಗೊತ್ತಿತ್ತು. ನೆನಪು ಎಲ್ಲಿಗೂ ಹೋಗುವುದಿಲ್ಲ. ಕಂಡದ್ದೆಲ್ಲ ಕಂಡ ಹಾಗೇ ಇರುತ್ತದೆ, ಅದು ದೊಡ್ಡ ವಿಷಯ ಅನ್ನುವುದು ಮಾತ್ರ ಸೋರಿಹೋಗುತ್ತದೆ. ಇನ್ನು ಸ್ವಲ್ಪ ಹೊತ್ತಿಗೆ, ಗಂಡ ನನ್ನ ತಲೆಯನ್ನು ತಗ್ಗಿಸಿದ ಅನ್ನುವುದೂ ಇವತ್ತು ಮೋಡ ಇದೆ ಅನ್ನುವುದೂ ಅವಳಿಗೆ ಒಂದೇ ಆಗಲಿತ್ತು.

ಅವಳು ನೂಲಿನ ಉಂಡೆ ಕೇಳುವ ನೆಪದಲ್ಲಿ ಗುಂಡಿಯಕ್ಕನ ಹತ್ತಿರ ಹೋಗಿ ಬಗ್ಗಿದಳು.

"ನೋಡಿದ್ಯಾ ಅವನು ಮಾಡಿದ್ದು?"

ಗುಂಡಿಯಕ್ಕ ತಲೆ ಎತ್ತಲಿಲ್ಲ. "ಆಗಾಗ ನೋಡ್ತಾನೇ ಇರ್ತೀನಿ. ನಿಮಗೆ ಗೊತ್ತಿದ್ದೇ ಮಾಡ್ತಾರೆ ಅಂದ್ಕೊಂಡಿದ್ದೆ."

"ನಂಗೆ ಗೊತ್ತಿರಲಿಲ್ಲ. ಈಗ ನಂಗೆ ಸಿಟ್ಟು ಬಂದಿದೆ. ಇನ್ನರ್ಧ ಗಂಟೇಲಿ ಇರಲ್ಲ. ನಾಳೆ ಬೆಳಿಗ್ಗೆ ನಾನು ಬಂದ ತಕ್ಷಣ ನಂಗೆ ಸಿಟ್ಟು ಬರಿಸು."

"ಸಿಟ್ಟು ಬರಿಸೋದಾ? ನನ್ನ ಜೀವಮಾನದಲ್ಲಿ ಯಾರೂ ಇಂಥ ಕೆಲಸ ಹೇಳಿಲ್ಲ."

"ಪುಗಸಟ್ಟೆ ಬೈಯೋಕೆ ಒಳ್ಳೇ ಅವಕಾಶ. ಬಿಡಬೇಡ."

ಅರ್ಧ ಗಂಟೆಯ ಮೇಲೆ ಅತ್ತಿಗೆ ಹೊರಡುವಾಗ, "ಮೇಜಿನ ವಿಷಯ ಮನಸ್ಸಲ್ಲಿ ಇಟ್ಕೋಬೇಡಮ್ಮ," ಅಂದಳು.

"ಹೂಂ," ಅಂದಳು ಮಾಸ್ತರಮ್ಮ. ಅದು ನಾಟಕವಾಗಿರಲಿಲ್ಲ.

ಬೆಳಿಗ್ಗೆ ಗಂಡ ರಿಮೋಟನ್ನು ಮೊದಲಿನ ಮಟ್ಟಕ್ಕೆ ಏರಿಸಿರಬೇಕು, ಅಂಗಡಿಯಲ್ಲಿ ಅವಳ ಕೈ ಬೇಕಲ್ಲ. ಅವಳಿಗೆ ಚಹಾ ಮಾಡಿ ಕೊಟ್ಟ, ಬೆನ್ನಿಗೆ ದಿಂಬು ಇಟ್ಟ. ನಿನ್ನೆ ಕನ್ನಡಿಯಲ್ಲಿ ಕಂಡದ್ದು ನೆನಪಿತ್ತು, ಆದರೆ ಇಷ್ಟು ಒಳ್ಳೆಯವನ ಮೇಲೆ ತಾನು ಯಾಕೆ ಕೆಂಡವಾದೆ ಎಂದು ಅವಳಿಗೇ ಅನುಮಾನ ಬಂತು. ಅಂಗಡಿಗೆ ಕಾಲಿಟ್ಟದ್ದೇ ಗುಂಡಿಯಕ್ಕ ಸೂಜಿ ಕೆಳಗಿಟ್ಟಳು.

"ನಿಮ್ಮ ಗಂಡ ನಿಮ್ಮ ತಲೇನ ಮನೆ ನಲ್ಲಿ ಅಂದ್ಕೊಂಡಿದಾನೆ. ಬೇಕಾದಾಗ ಬಿಡ್ತಾನೆ, ಬೇಡವಾದಾಗ ತಿರುಗಿಸ್ತಾನೆ. ನೆನ್ನೆ ನಿಮ್ಮ ಅತ್ತಿಗೆ ಮುಂದೆ ಎರಡು ಸಲ ಒತ್ತಿದ. ನೀವು ಕೋಲೆಬಸವನ ಥರ ತಲೆ ಆಡಿಸಿ ಅವಳನ್ನ ಕಳಿಸಿಕೊಟ್ರಿ. ಅವಳು ಹೋಗ್ತಾ ನಗ್ತಾ ಇದ್ಲು. ಬಂತಾ ಸಿಟ್ಟು?"

"ಬಂತು."

"ಸಾಕಾ, ಇನ್ನೂ ಬೇಕಾ?"

"ಸಾಕು ಮಾರಾಯ್ತಿ."

ಆ ವಾರದ ಕೊನೆಗೆ ಆಸ್ಪತ್ರೆಯಲ್ಲಿ ಅವಳ ಕರೆಂಟನ್ನು ಹೊಂದಿಸುವ ದಿನವಿತ್ತು. ಅಲ್ಲಿಯವರೆಗೆ ಮಾಸ್ತರಮ್ಮ ಒಂದು ಉಪಾಯ ಹೂಡಿದಳು. ಮಂಕಾದವಳ ವೇಷ ಹಾಕಿದಳು. ಕೇಳಿದ್ದಕ್ಕೆಲ್ಲ ಹೂಂ ಅಂದಳು, ಕೊಟ್ಟದ್ದು ತಿಂದಳು, ಎದುರಿಗಿರುವವರ ಮಾತು ಮುಗಿದ ಮೇಲೂ ಅವರ ಬಾಯನ್ನೇ ನೋಡುತ್ತ ಕೂತಳು. ಎರಡು ವರ್ಷದ ಅನುಭವ ಇದ್ದವಳಿಗೆ ಆ ಪಾತ್ರ ಕಷ್ಟವೇ? ಗಂಡ ರಿಮೋಟು ಮುಟ್ಟಲಿಲ್ಲ. ಮುಟ್ಟುವ ಕಾರಣವೇ ಹುಟ್ಟಲಿಲ್ಲ.

ಆದರೆ ಅವಳು ಲೆಕ್ಕ ಹಾಕದೆ ಇದ್ದದ್ದೊಂದಿತ್ತು. ಅವನು ಸುಖವಾಗಿದ್ದ. ಬಟ್ಟೆ ಮಡಚುತ್ತ ಸಿಳ್ಳೆ ಹಾಕಿದ. ರಾತ್ರಿ ಊಟವಾದ ಮೇಲೆ ಬಾಚಣಿಗೆ ತಂದು, ಹಿಂದೆ ಎರಡು ವರ್ಷ ಬಾಚುತ್ತಿದ್ದ ಹಾಗೆ ಅವಳ ತಲೆ ಬಾಚಿದ. ಗಾಯದ ಗುರುತು ಇರುವಲ್ಲಿ ಹಲ್ಲು ತಾಗದ ಹಾಗೆ ಎಷ್ಟು ಜೋಪಾನ! "ಈಚೆಗೆ ಎಷ್ಟು ಚೆನ್ನಾಗಿದೀಯ ನೀನು," ಅಂದ. ಅವಳು ಹೂಂ ಅಂದಳು. ಇವನು ಕೆಟ್ಟವನಾಗಿದ್ದರೆ ಬೈದು ಮುಗಿಸಬಹುದಿತ್ತು. ಆ ಎರಡು ವರ್ಷ ಅವಳನ್ನು ಮೀಯಿಸಿ, ಉಣಿಸಿ, ಹಾಸಿಗೆ ತೊಳೆದವನು ಇವನೇ. ಹಾಗೆಂದು ತೊಳೆದವನಿಗೆ ಪಾತ್ರೆ ಸ್ವಂತವಾಗಿಬಿಡುತ್ತದೆಯೇ?

ಆಸ್ಪತ್ರೆಯ ಕೋಣೆಯಲ್ಲಿ ಮೂರು ಕುರ್ಚಿ, ಒಂದು ಕಂಪ್ಯೂಟರು, ಗೋಡೆಯ ಮೇಲೆ ಮೆದುಳಿನ ದೊಡ್ಡ ಚಿತ್ರ. ಡಾಕ್ಟರು ಚಿಕ್ಕ ವಯಸ್ಸಿನವರು, ಹಸನ್ಮುಖಿ. ಅವಳ ಪರೀಕ್ಷೆಯ ಫಲಿತಾಂಶ ತೋರಿಸಿ, ನಮ್ಮ ಪ್ರಯೋಗದಲ್ಲೇ ನಿಮ್ಮದು ಒಳ್ಳೆಯ ಚೇತರಿಕೆ ಎಂದು ಹೊಗಳಿದರು. ಆಮೇಲೆ ಕುರ್ಚಿಯನ್ನು ಅವಳ ಗಂಡನ ಕಡೆ ತಿರುಗಿಸಿಕೊಂಡರು.

"ಮನೇಲಿ ಹೇಗಿದಾರೆ? ಸಿಟ್ಟು? ಹಟ? ಜಗಳ?"

"ಮೊದಲು ಸ್ವಲ್ಪ ಜಾಸ್ತಿ ಇತ್ತು ಸಾರ್. ಮೂಗಿನ ಮೇಲೇ ಕೋಪ. ನಾನು ಆಗಾಗ ಒಂದೆರಡು ಹಂತ ಕಡಿಮೆ ಮಾಡ್ತಿದ್ದೆ. ಈ ವಾರ ಮಾತ್ರ ತುಂಬಾ ಚೆನ್ನಾಗಿದಾಳೆ. ಹೀಗೇ ಇದ್ರೆ ಸಾಕು."

"ಒಳ್ಳೇದು. ಸಿಡುಕು ಈ ಚಿಕಿತ್ಸೇಲಿ ಗೊತ್ತಿರೋ ಅಡ್ಡಪರಿಣಾಮ. ಬೇಕಾದ್ರೆ ನಾನೇ ಇಲ್ಲಿಂದ ಇನ್ನೂ ಸ್ವಲ್ಪ ತಗ್ಗಿಸಿ ಕೊಡ್ತೀನಿ." ಅವರ ಕೈ ಮೌಸಿನ ಮೇಲೆ ಹೋಯಿತು.

"ಕೈ ತೆಗೀರಿ," ಅಂದಳು ಮಾಸ್ತರಮ್ಮ.

ಡಾಕ್ಟರು ಕೈ ತೆಗೆದರು. ಯಾಕೆ ತೆಗೆದೆ ಎಂದು ಆಮೇಲೆ ಅವರಿಗೇ ಆಶ್ಚರ್ಯವಾಗಿರಬೇಕು.

"ಈ ವಾರ ನಾನು ನಾಟಕ ಆಡಿದೀನಿ. ಒಂದು ದಿನಾನೂ ಇವರು ತಗ್ಗಿಸಿಲ್ಲ, ನಾನು ಪೂರ್ತಿ ಎಚ್ಚರ ಇದ್ದೆ. ಹೂಂ ಹೂಂ ಅಂದೆ ಅಷ್ಟೆ. ಅದನ್ನ ನೀವಿಬ್ರೂ ಚೇತರಿಕೆ ಅಂತಿದೀರಿ!"

ಗಂಡನ ಮುಖ ಕಪ್ಪಿಟ್ಟಿತು. ಡಾಕ್ಟರು ಅವಳನ್ನೂ ಕಂಪ್ಯೂಟರನ್ನೂ ನೋಡಿ ಮೆಲ್ಲಗೆ, "ನೋಡಿ, ಈಗ ಸ್ವಲ್ಪ ಉದ್ರೇಕ ಆಗ್ತಿದೆ," ಅಂದರು. ಗಂಡನಿಗೆ ಹೇಳಿದ್ದು ಅದು.

"ಆಗ್ತಿದೆ! ನಿಮ್ಮನ್ನ ನಿಮ್ಮ ಹೆಂಡತಿ ರಿಮೋಟಲ್ಲಿ ಆರಿಸಿದ್ರೆ ನಿಮಗೂ ಆಗುತ್ತೆ. ನಿಮ್ಮ ಹತ್ರ ನನ್ನ ಸಿಟ್ಟು ಎಷ್ಟು ಅಂತ ಬರ್ಕೊಳೋಕೆ ಜಾಗ ಇದೆ. ಯಾಕೆ ಅಂತ ಕೇಳೋಕೆ ಇದೆಯಾ? ನನ್ನ ಮೇಜು ಕೊಟ್ಟುಬಿಟ್ಟಿದಾರೆ. ನನ್ನ ಕೈಯಲ್ಲಿ ಎರಡು ಎಡತೋಳು ಕತ್ತರಿಸೋ ಹಾಗೆ ಮಾಡಿದಾರೆ. ಸಿಟ್ಟು ಬರದೇ ಇದ್ದಿದ್ರೆ ತಲೆ ಇನ್ನೂ ಸರಿಹೋಗಿಲ್ಲ ಅಂತ ನೀವು ಗಾಬರಿ ಆಗಬೇಕಿತ್ತು."

"ಅಮ್ಮಾ, ಸಮಾಧಾನ. ರಿಮೋಟು ನೋಡಿಕೊಳ್ಳೋರ ಹತ್ರ ಇರಬೇಕು ಅನ್ನೋದು ನಿಯಮ. ಪೇಷಂಟಿನ ವಿವೇಚನೆ..."

"ವಿವೇಚನೆ ವಾಪಸು ಬರಲಿ ಅಂತ ತಾನೇ ತಂತಿ ಇಳಿಸಿದ್ದು? ಬಂದಿದೆ ಅಂತ ಈಗ ತಾನೇ ಹೊಗಳಿದ್ರಿ. ಬಂದಮೇಲೂ ಅದರ ಬೀಗದಕೈ ಇನ್ನೊಬ್ಬರ ಜೇಬಲ್ಲೇ ಇರಬೇಕಾ?"

ಡಾಕ್ಟರು ಒಳ್ಳೆಯವರೇ. ಒಳ್ಳೆಯವರು ಪೇಚಿಗೆ ಸಿಕ್ಕಾಗ ಮಾಡುವುದನ್ನೇ ಅವರೂ ಮಾಡಿದರು, ಅಡ್ಡಗೋಡೆಯ ಮೇಲೆ ದೀಪ ಇಟ್ಟರು. "ಒಂದು ಕೆಲಸ ಮಾಡೋಣ. ಇಬ್ಬರ ಮಾತೂ ಇರಲಿ. ಎರಡು ವಾರ ಸ್ವಲ್ಪ ಕಡಿಮೆ ಇಟ್ಟು ನೋಡೋಣ. ಆಮೇಲೆ ನಿಮ್ಮನ್ನೇ ಕೇಳ್ತೀನಿ. ಬೇಡ ಅಂದ್ರೆ ಏರಿಸ್ತೀನಿ. ನಿರ್ಧಾರ ಪೂರ್ತಿ ನಿಮ್ಮದೇ."

ಗಂಡ ಉಸಿರು ಬಿಟ್ಟ. ನ್ಯಾಯವಾದ ಮಾತು ಅನ್ನಿಸಿರಬೇಕು. ಮಾಸ್ತರಮ್ಮನಿಗೆ ಮಾತ್ರ ಕಿರುಚಬೇಕೆನಿಸಿತು, ಕಿರುಚಲಿಲ್ಲ. ದನಿ ತಾನಾಗಿಯೇ ಇಳಿಯಿತು.

"ಎರಡು ವಾರ ಆದ್ಮೇಲೆ ಈ ಕುರ್ಚೀಲಿ ಕೂತಿರೋಳು ನಾನಲ್ಲ ಡಾಕ್ಟ್ರೇ. ಅವಳು. ಹೀಗೇ ಇರಲಾ ಅಂತ ಕೇಳ್ತೀರಿ, ಹೂಂ ಅಂತಾಳೆ. ಇನ್ನೂ ತಗ್ಗಿಸ್ಲಾ ಅಂತ ಕೇಳಿ, ಅದಕ್ಕೂ ಹೂಂ ಅಂತಾಳೆ. ಪೂರ್ತಿ ಆರಿಸ್ಲಾ ಅಂದ್ರೂ ಹೂಂ ಅಂತಾಳೆ. ನೀವು ಖುಷಿಯಾಗಿ ಬರ್ಕೋತೀರಿ, ಪೇಷಂಟು ಒಪ್ಪಿದಾರೆ ಅಂತ. ದಮ್ಮಯ್ಯ, ನನ್ನ ವಿಷಯ ಅವಳನ್ನ ಕೇಳಬೇಡಿ. ನನ್ನನ್ನ ಕೇಳಿ. ಈಗ ಕೇಳಿ."

ಅಭ್ಯಾಸಬಲ ನೋಡಿ, ಡಾಕ್ಟರ ಕಣ್ಣು ಮತ್ತೆ ಗಂಡನ ಕಡೆಗೇ ಹೋಯಿತು. "ಹೌದಾ? ಕೇಳಿದ್ದಕ್ಕೆಲ್ಲ ಒಪ್ತಿದ್ರಾ?"

ಗಂಡ ಮಂಡಿಯ ಮೇಲಿದ್ದ ತನ್ನ ಕೈಗಳನ್ನು ನೋಡಿಕೊಂಡ. ಸುಳ್ಳು ಹೇಳಬಹುದಿತ್ತು, ತೇಲಿಸಿಬಿಡಬಹುದಿತ್ತು. ಬಾಯಿಂದ ಬಂದದ್ದು ಬೇರೆ.

"ತಂತಿ ಹಾಕೋಕೆ ಮುಂಚೆ ಒಂದ್ಸಲ ಇಸ್ತ್ರಿಪೆಟ್ಟಿಗೆ ಮೇಲೆ ಕೈ ಊರಿದ್ಲು ಸಾರ್. ಬಿಸಿ ಇತ್ತು. ನಾನು ಒಳಗಿಂದ ಬಂದಾಗ ಚರ್ಮ ಸುಟ್ಟ ವಾಸನೆ. ನೋವಾಗ್ತಿಲ್ವಾ ಅಂತ ಕಿರುಚಿದೆ. ಆಗ್ತಿದೆ ಅಂದ್ಲು. ಕೈ ತೆಗೀಲಿಲ್ಲ. ನಾನೇ ತೆಗೆದೆ."

ಮಾಸ್ತರಮ್ಮ ತನ್ನ ಎಡಗೈ ಮಗುಚಿ ನೋಡಿಕೊಂಡಳು. ಅಂಗೈಯಲ್ಲಿ ಮಿರುಗುವ ಕಲೆ ಇತ್ತು. ಆ ಎರಡು ವರ್ಷದ ಎಷ್ಟೋ ದಿನ ಅವಳಿಗೆ ನೆನಪಿರಲಿಲ್ಲ. ಬಿಸಿನೀರು ಬಿದ್ದದ್ದು ಎಂದು ಅವನು ಹೇಳಿದ್ದ, ಅವಳು ನಂಬಿದ್ದಳು.

"ಇದು ಗೊತ್ತಿದ್ದೂ ಒತ್ತಿದ್ಯಾ?" ಅಂದಳು.

"ಅಷ್ಟು ಕೆಳಗೆ ಯಾವತ್ತೂ ಇಳಿಸಿಲ್ಲ ಕಣೇ! ಒಂದೆರಡು ಹಂತ, ಮನೆ ಶಾಂತವಾಗಿರಲಿ ಅಂತ."

"ಎಷ್ಟು ಹಂತ ಅಂತ ನಾನು ಕೇಳಲಿಲ್ಲ."

ಡಾಕ್ಟರು ಕೈ ಚಾಚಿ ರಿಮೋಟು ಕೇಳಿದರು. ಗಂಡ ಕೊಟ್ಟ. ನಿಯಮದ ಪ್ರಕಾರ ಸಮಿತಿಯನ್ನು ಕೇಳಬೇಕು, ತಾನು ಅವರಿಗೆ ಉತ್ತರ ಹೇಳಬೇಕಾಗುತ್ತದೆ ಎಂದು ತಮ್ಮಷ್ಟಕ್ಕೆ ಗೊಣಗಿದರು. ಕೊನೆಗೆ ಅದನ್ನು ಮೇಜಿನ ಮೇಲೆ ಅವಳ ಮುಂದೆ ಇಟ್ಟರು. ಯಾವ ಗುಂಡಿ ಏನು ಮಾಡುತ್ತದೆ ಎಂದು, ಇಷ್ಟು ತಿಂಗಳಲ್ಲಿ ಮೊದಲ ಬಾರಿಗೆ, ಅವಳಿಗೇ ತೋರಿಸಿ ಹೇಳಿದರು. ನಿದ್ದೆ ಕೆಟ್ಟರೆ, ತಲೆ ಸಿಡಿದರೆ ಫೋನ್ ಮಾಡಿ ಅಂದರು. ಅವಳು ಕಲಿಯುವವಳ ಹಾಗೆ ಕೇಳಿಸಿಕೊಂಡಳು, ತಿಳಿಯದ್ದನ್ನು ಮತ್ತೆ ಕೇಳಿದಳು. ಥ್ಯಾಂಕ್ಸ್ ಮಾತ್ರ ಹೇಳಲಿಲ್ಲ. ತನ್ನದನ್ನು ತನಗೆ ಕೊಟ್ಟದ್ದಕ್ಕೆ ಯಾಕೆ ಹೇಳಬೇಕು?

ಲಿಫ್ಟಿನ ಮುಂದೆ ಐದಾರು ಜನ ಕಾಯುತ್ತಿದ್ದರು. ಗಾಲಿಕುರ್ಚಿಯ ಮುದುಕ, ಅವನ ಮಗಳು, ಕೈಗೆ ಬ್ಯಾಂಡೇಜು ಸುತ್ತಿಕೊಂಡವನೊಬ್ಬ, ಹಣ್ಣಿನ ಚೀಲ ಹಿಡಿದ ಇಬ್ಬರು. ಗಂಡ ಹೆಂಡತಿ ಅವರ ಹಿಂದೆ ನಿಂತರು. ರಿಮೋಟು ಅವಳ ಮುಷ್ಟಿಯಲ್ಲಿತ್ತು. ಅವನ ಕಣ್ಣು ಕೆಂಪಾಗಿತ್ತು.

"ಒಂದು ಮಾತು ಹೇಳ್ಲಾ? ತಪ್ಪು ತಿಳ್ಕೋಬೇಡ," ಅಂದ ಅವನು. "ಕಷ್ಟ ಇತ್ತು, ಇಲ್ಲ ಅನ್ನಲ್ಲ. ಆದ್ರೆ ಆ ಎರಡು ವರ್ಷ ನಾವು ಒಂದ್ಸಲಾನೂ ಜಗಳ ಆಡಲಿಲ್ಲ. ಚೆನ್ನಾಗಿತ್ತು."

"ಯಾರಿಗೆ?"

ಅವನು ಅವಳ ಕಡೆ ತಿರುಗಿದ. ಹಣ್ಣಿನ ಚೀಲದವರು ಹಿಂತಿರುಗಿ ನೋಡಿದರು. "ಮೆಲ್ಲಗೆ," ಅಂದ ಅವನು.

"ಯಾರಿಗೆ ಚೆನ್ನಾಗಿತ್ತು?" ಅವಳು ಮೊದಲಿಗಿಂತ ಗಟ್ಟಿಯಾಗಿ ಕೇಳಿದಳು.

ಲಿಫ್ಟು ಬಂತು. ಗಾಲಿಕುರ್ಚಿ ಒಳಗೆ ಹೋಯಿತು, ಎಲ್ಲರೂ ಹತ್ತಿದರು. ಇಬ್ಬರಿಗೆ ಜಾಗವಿತ್ತು. ಮುದುಕನ ಮಗಳು ಬಾಗಿಲು ಹಿಡಿದು ಕಾದಳು, ಇವರು ಅಲುಗದ್ದನ್ನು ನೋಡಿ ಬಿಟ್ಟಳು. ಬಾಗಿಲು ಮುಚ್ಚಿತು.

ಅವನು ಇನ್ನೂ ಉತ್ತರ ಹುಡುಕುತ್ತಿದ್ದ. ಅವಳಿಗೆ ಅವಸರವಿರಲಿಲ್ಲ. ಏನು ಕೇಳಿದೆ, ಯಾಕೆ ಕೇಳಿದೆ ಎಂಬುದು ಇನ್ನು ಅರ್ಧ ಗಂಟೆಯ ಮೇಲೂ ಅವಳಿಗೆ ಗೊತ್ತಿರಲಿತ್ತು.